ಗಾನಯೋಗಿ ಪಂಚಾಕ್ಷರಿ ಗವಾಯಿಗಳು

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಬಾಲಕನು ಜನಿಸಿದನು. ಅವನೂ ಅವನ ಸೋದರ ಗುರುಬಸಯ್ಯನೂ ಹುಟ್ಟುಕುರುಡರು. ಅಂದು ಹಳ್ಳಿಗಾಡಿನ ಕುರುಡು ಮಕ್ಕಳಿಗೆ ಶಾಲೆಯೆಂಬುದಿರಲಿಲ್ಲ. ಅನ್ಯರ ಮುಂದೆ ಕೈಯೊಡ್ಡುವುದೇ ಎಷ್ಟೋ ಮಂದಿಯ ಪಾಲಿಗೆ ಬಂದ ಬಾಳಾಗಿತ್ತು. ಈ ಸೋದರರ ಕಂಠಮಾಧುರ್ಯವನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವರಿಗೆ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು.

ಗದಿಗೆಯ್ಯನು ಕರ್ನಾಟಕ, ಹಿಂದೂಸ್ಥಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತನಾಗಿ, ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧಿ ಪಡೆದನು. ಇಂತಹ ವಿದ್ವಾಂಸರು ಕಛೇರಿಗಳ ಸಂಭಾವನೆಯಿಂದಲೇ ಸುಖವಾಗಿ ಬಾಳಬಹುದಾಗಿತ್ತು. ಆದರೆ ಗವಾಯಿಗಳು ತಮಗೆ ದೊರೆತ ವಿದ್ಯೆಯನ್ನು ತಮ್ಮಂತಹವರ ಸೊತ್ತೆಂದು ಬಗೆದರು. ಕುರುಡರನ್ನೂ ಅನಾಥರನ್ನೂ ಕೂಡಿಕೊಂಡು ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಗುರು ಹಾಡಿದ್ದನ್ನು ಶಿಷ್ಯನು ಕಿವಿಯಿಂದ ಗ್ರಹಿಸಿ ಕಂಠದಲ್ಲಿ ನಿಲ್ಲಿಸಿಕೊಳ್ಳಬೇಕು. ಅಲ್ಲಿ ಕಣ್ಣಿನ ಕೊರತೆ ಕಲಿಕೆಗೆ ತೊಡಕಾಗಲಿಲ್ಲ. ಶಿಷ್ಯರಿಗೆ ಅನ್ನ ಬಟ್ಟೆಗಳನ್ನೊದಗಿಸಲು ಅವರು ಭಿಕ್ಷೆಗೂ ಹಿಂಜರಿಯಲಿಲ್ಲ. ನಾಟಕ ಮಂಡಳಿಯನ್ನೂ ನಡೆಸಿದರು.

ಕೊನೆಗೆ ಗದುಗಿನ ವರ್ತಕ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಆ ಸಂಚಾರಿ ಶಾಲೆಗೆ ನೆಲೆ ದೊರೆಯಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಅಲ್ಲಿ ಜಾತಿಮತಗಳ ಭೇದವಿಲ್ಲದೆ ಊಟ, ವಸತಿ, ವಿದ್ಯೆಗಳು ಉಚಿತವಾಗಿ ದೊರೆತುವು. ಬಸವರಾಜ ರಾಜಗುರುಗಳಂತಹ ಮಹಾಗಾಯಕರು ಅವರ ಶಿಷ್ಯರು.

1944ರಲ್ಲಿ ಗವಾಯಿಗಳು ಕಾಲವಾದರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡು ಅವರ ಆಶ್ರಯಕ್ಕೆ ಬಂದಿದ್ದ ಪುಟ್ಟರಾಜರು ಆಶ್ರಮದ ಹೊಣೆ ಹೊತ್ತು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಕುರುಡನಿಗೆ ಕಾಸು ಕೊಟ್ಟರೆ ಅಂದಿನ ಹಸಿವು ಹಿಂಗೀತು. ವಿದ್ಯೆ ಕೊಟ್ಟರೆ ಅವನೇ ಇತರರಿಗೆ ಆಸರೆಯಾಗಬಲ್ಲನೆಂಬುದಕ್ಕೆ ಈ ಗುರುಶಿಷ್ಯರ ಬಾಳೇ ಸಾಕ್ಷಿ.