ಮರುತ್ ವಿಮಾನದ ಮೊದಲ ಸಾರಥಿ

ಬೆಂಗಳೂರಿನ ಪೂರ್ವಭಾಗದಲ್ಲಿ ಹಳೆಯ ಮದರಾಸು ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುವ ಮಾರ್ಗವೊಂದಿದೆ. ಅದಕ್ಕೆ ಸುರಂಜನ್ ದಾಸ್ ರಸ್ತೆ ಎಂದು ಹೆಸರು. ಪ್ರತಿದಿನವೂ ಸಹಸ್ರಾರು ಜನರು ಆ ರಸ್ತೆಯಲ್ಲಿ ಸಂಚರಿಸುತ್ತಾರೆ. ಆ ಹೆಸರಿನ ವ್ಯಕ್ತಿ ಯಾರು, ದೂರದ ವಂಗದೇಶದ ಮನೆತನದವರೊಬ್ಬರ ಹೆಸರು ಕನ್ನಡನಾಡಿನ ರಾಜಧಾನಿಯ ರಸ್ತೆಗೆ ಏಕೆ ಬಂದಿತು ಎಂಬುದನ್ನು ತಿಳಿದವರು ಮಾತ್ರ ವಿರಳ. ಭಾರತದಲ್ಲಿಯೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವನ್ನು ಮೊದಲ ಬಾರಿಗೆ ಆಕಾಶಕ್ಕೆ ಒಯ್ದವರು ಅವರು. ಅದೇ ವಿಮಾನವನ್ನು ಇನ್ನಷ್ಟು ಬಲಪಡಿಸುವ ಪ್ರಯತ್ನದಲ್ಲಿ ಪ್ರಾಣವನ್ನು ಅರ್ಪಿಸಿದವರೂ ಅವರೇ.

ಸುರಂಜನ್ ದಾಸರು ಸುಸಂಸ್ಕೃತವಾದ ಬಂಗಾಳಿ ಕುಟುಂಬದಲ್ಲಿ ಜನಿಸಿದರು. ಅವರ ತಂದೆ ಸುಧಿರಂಜನ್ ದಾಸರು ಬಾಲ್ಯದಲ್ಲಿ ಶಾಂತಿನಿಕೇತನದಲ್ಲಿ ಕವಿ ರವೀಂದ್ರನಾಥ ಠಾಕೂರರ ಶಿಷ್ಯರಾಗಿದ್ದರು. ಮುಂದೆ ಅವರು ನ್ಯಾಯಶಾಸ್ತ್ರದಲ್ಲಿ ಖ್ಯಾತಿವೆತ್ತು, 1956ರಿಂದ 1959ರವರೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಇಂತಹ ಮನೆತನದ ಹಿರಿಯ ಮಗನಿಗೆ ವಕೀಲಿಯ ಸುಗಮವಾದ ದಾರಿ ತೆರೆದೇ ಇತ್ತು. ಆದರೆ ಸುರಂಜನರ ಮನಸ್ಸು ಆಕಾಶದ ಕಡೆಗೆ ಒಲಿಯಿತು. ಅವರು ವಾಯುಸೇನೆಯನ್ನು ಸೇರಿ ಯುದ್ಧವಿಮಾನದ ಚಾಲಕರಾದರು. ಮುಂದೆ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಪ್ರಸಿದ್ಧ ಪರೀಕ್ಷಾ ಚಾಲಕರ ಶಾಲೆಯಲ್ಲಿ ವಿಶೇಷ ಶಿಕ್ಷಣವನ್ನು ಪಡೆದರು. ಆ ವಿದ್ಯೆಯನ್ನು ಕಲಿತ ಭಾರತೀಯರು ಆಗ ಬೆರಳೆಣಿಕೆಯಷ್ಟು ಮಂದಿ.

ಪರೀಕ್ಷಾ ಚಾಲಕನ ಕೆಲಸವು ಸಾಮಾನ್ಯ ಚಾಲಕನ ಕೆಲಸದಂಥದಲ್ಲ. ರಬಕವಿ-ಬನಹಟ್ಟಿಯ ನೇಕಾರನು ಹೊಸ ಮಗ್ಗವನ್ನು ಹೂಡಿದಾಗ ಮೊದಲು ನಾಲ್ಕಾರು ಮೊಳ ಬಟ್ಟೆಯನ್ನು ನೆಯ್ದು ನೋಡುತ್ತಾನೆ. ಎಳೆ ಹರಿದರೆ ಮಗ್ಗವನ್ನು ನಿಲ್ಲಿಸಿ, ದೋಷವೆಲ್ಲಿದೆಯೆಂದು ಹುಡುಕಿ, ಸರಿಪಡಿಸಿಕೊಂಡು ಮುಂದುವರಿಯುತ್ತಾನೆ. ಹೊಸ ವಿಮಾನವನ್ನೂ ಹೀಗೆಯೇ ನಡೆಸಿ ನೋಡಬೇಕು. ಆದರೆ ನೆಲದಿಂದ ಹತ್ತು ಸಾವಿರ ಅಡಿಗಳ ಎತ್ತರದಲ್ಲಿ ಯಂತ್ರವನ್ನು ನಿಲ್ಲಿಸಿ ದೋಷವನ್ನು ಹುಡುಕುವ ಅವಕಾಶವಿಲ್ಲ. ಆದುದರಿಂದ ಪರೀಕ್ಷಾ ಚಾಲಕನು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುತ್ತಾನೆ. ಮೊದಲು ವಿಮಾನವನ್ನು ನೆಲದ ಮೇಲೆಯೇ ನಿಧಾನವಾಗಿ, ಬಳಿಕ ವೇಗವಾಗಿ ಓಡಿಸುತ್ತಾನೆ. ಅನಂತರ ಮೇಲೇರಿ, ಪ್ರತಿಯೊಂದು ಹಾರಾಟದಲ್ಲಿಯೂ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾನೆ. ಎಲ್ಲಿ ರೆಕ್ಕೆ ನಡುಗಿತು, ಯಾವ ವೇಗದಲ್ಲಿ ಹಿಡಿತವು ಬಿಗಿಯಾಯಿತು, ಯಾವ ತಿರುವಿನಲ್ಲಿ ಮೂಗು ಕೆಳಗಿಳಿಯಿತು ಎಂಬುದನ್ನೆಲ್ಲ ಗಮನಿಸಿ, ಕೆಳಗಿಳಿದ ಮೇಲೆ ವಿನ್ಯಾಸಕಾರರಿಗೆ ವರದಿ ಮಾಡುತ್ತಾನೆ. ಧೈರ್ಯವೊಂದೇ ಇದ್ದರೆ ಈ ಕೆಲಸಕ್ಕೆ ಸಾಲದು. ವಿಜ್ಞಾನದ ಜ್ಞಾನವೂ ಸತ್ಯವನ್ನು ಸತ್ಯವಾಗಿಯೇ ಹೇಳುವ ನಿಷ್ಠೆಯೂ ಬೇಕು. ದಾಸರಲ್ಲಿ ಈ ಮೂರೂ ಗುಣಗಳು ನೆಲೆಸಿದ್ದವು.

ಅವರ ಕರ್ಮಭೂಮಿಯಾದ ಬೆಂಗಳೂರಿನ ವಿಮಾನ ಕಾರ್ಖಾನೆಗೆ ತನ್ನದೇ ಆದ ಇತಿಹಾಸವಿದೆ. ನಮ್ಮ ವಿಜಯಪುರಕ್ಕೆ ನೆರೆಯಾದ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಇಲ್ಲಿ ದುರಸ್ತಿಯಾಗುತ್ತಿದ್ದವು. ಅವುಗಳಲ್ಲಿ ಎರಡು ಎಂಜಿನುಗಳ ಮಿಚೆಲ್ ಬಾಂಬರುಗಳೂ ಇದ್ದವು. ಅನ್ಯರ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತ ನಮ್ಮ ಕೆಲಸಗಾರರ ಕೈ ಪಳಗಿತು. ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ವಿಮಾನವನ್ನು ರೂಪಿಸುವ ಹಂಬಲ ಮೂಡಿತು. ಕೊಲ್ಲಾಪುರ ಜಿಲ್ಲೆಯಲ್ಲಿ ಜನಿಸಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ವಾಯುಚಲನಶಾಸ್ತ್ರವನ್ನು ಅಭ್ಯಸಿಸಿ ಬಂದ ಡಾ. ವಿ. ಎಂ. ಘಾಟಗೆಯವರ ಮಾರ್ಗದರ್ಶನದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವು ಸಿದ್ಧವಾಗಿ 1951ರಲ್ಲಿ ಹಾರಿತು.

ತರಬೇತಿ ವಿಮಾನವನ್ನು ಕಟ್ಟುವುದು ಒಂದು ಮಾತು. ಜೆಟ್ ಯುದ್ಧವಿಮಾನವನ್ನು ಕಟ್ಟುವುದು ಇನ್ನೊಂದು ಮಾತು. ವಾಯುಸೇನೆಯು ಬಯಸಿದ ವಿಮಾನವು ಶಬ್ದದ ವೇಗಕ್ಕಿಂತ ಇಮ್ಮಡಿ ವೇಗದಲ್ಲಿ ಧಾವಿಸಬೇಕಾಗಿತ್ತು. 60,000 ಅಡಿಗಳ ಎತ್ತರಕ್ಕೆ ಏರಬೇಕಾಗಿತ್ತು. ಶತ್ರುವಿಮಾನವನ್ನು ಎದುರಿಸುವುದರೊಂದಿಗೆ ನೆಲದ ಮೇಲಿನ ಗುರಿಗಳ ಮೇಲೆ ಬಾಂಬುಗಳನ್ನೂ ಹಾಕಬೇಕಾಗಿತ್ತು. ಆ ಕಾಲಕ್ಕೆ ಇಂತಹ ವಿಮಾನವನ್ನು ಕಟ್ಟಬಲ್ಲ ದೇಶಗಳು ಕೆಲವೇ ಇದ್ದವು. ಈ ಕಾರ್ಯಕ್ಕಾಗಿ ಭಾರತ ಸರ್ಕಾರವು ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರನ್ನು ಆಹ್ವಾನಿಸಿತು. 1956ರ ಆಗಸ್ಟಿನಲ್ಲಿ ಅವರು ಬೆಂಗಳೂರಿಗೆ ಬಂದರು. ಆಗ ಇಲ್ಲಿಯ ವಿನ್ಯಾಸ ವಿಭಾಗವು ತೀರ ಚಿಕ್ಕದಾಗಿತ್ತು. ಅನುಭವಿಗಳಾದ ಹಿರಿಯ ಎಂಜಿನಿಯರರು ಇಬ್ಬರು ಮೂವರು ಮಾತ್ರ. ಪರೀಕ್ಷೆಗೆ ಬೇಕಾದ ಸಲಕರಣೆಗಳನ್ನೂ ಕಟ್ಟಡಗಳನ್ನೂ ಹೊಸದಾಗಿಯೇ ಕಟ್ಟಿಕೊಳ್ಳಬೇಕಾಯಿತು. ಜರ್ಮನ್ ತಜ್ಞರ ಜೊತೆಯಲ್ಲಿ ದುಡಿಯುತ್ತ ನಮ್ಮ ತರುಣ ಎಂಜಿನಿಯರರು ಆ ವಿದ್ಯೆಯನ್ನು ಕರಗತ ಮಾಡಿಕೊಂಡರು.

ವಿನ್ಯಾಸಕಾರರು ಮೊದಲು ಎಂಜಿನುಗಳಿಲ್ಲದ, ಮರದಿಂದ ಮಾಡಿದ, ಮೂಲ ವಿಮಾನದಷ್ಟೇ ಗಾತ್ರದ ಗ್ಲೈಡರೊಂದನ್ನು ಕಟ್ಟಿದರು. ಡಕೋಟಾ ವಿಮಾನವು ಅದನ್ನು ಹಗ್ಗದಿಂದ ಎಳೆದು ಮೇಲಕ್ಕೆ ಒಯ್ಯುತ್ತಿತ್ತು. ಅಲ್ಲಿ ಹಗ್ಗವನ್ನು ಬಿಡಿಸಿಕೊಂಡು ಅದು ತೇಲುತ್ತ ಕೆಳಗಿಳಿಯುತ್ತಿತ್ತು. 1959ರಲ್ಲಿ ಆರಂಭವಾದ ಈ ಹಾರಾಟಗಳಿಂದ ರೆಕ್ಕೆಗಳ ಆಕಾರವು ಸರಿಯಾಗಿದೆಯೆಂಬುದು ದೃಢಪಟ್ಟಿತು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಲೋಹದ ವಿಮಾನವು ಮೈದಳೆಯುತ್ತಿತ್ತು. ಹಿಂದಕ್ಕೆ ಬಾಗಿದ ರೆಕ್ಕೆಗಳು, ಅಕ್ಕಪಕ್ಕದಲ್ಲಿ ಎರಡು ಆರ್ಫಿಯಸ್ ಎಂಜಿನುಗಳು, ಮೂಗಿನ ಭಾಗದಲ್ಲಿ ನಾಲ್ಕು ಫಿರಂಗಿಗಳು, ರೆಕ್ಕೆಗಳ ಕೆಳಗೆ ಬಾಂಬುಗಳಿಗೆ ಸ್ಥಾನ. ಇದಕ್ಕೆ ಎಚ್‌ಎಫ್-24 ಎಂದು ಸಂಖ್ಯೆಯನ್ನೂ, ವೇದಗಳಲ್ಲಿ ಸ್ತುತಿಸಲ್ಪಟ್ಟ ಬಿರುಗಾಳಿಯ ದೇವತೆಗಳನ್ನು ನೆನಪಿಸುವ ಮರುತ್ ಎಂಬ ಹೆಸರನ್ನೂ ಇಟ್ಟರು.

1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸರು ಈ ವಿಮಾನದಲ್ಲಿ ಕುಳಿತರು. ಐದು ವರ್ಷಗಳ ಕಾಲ ನೂರಾರು ಜನರು ಪಟ್ಟ ಶ್ರಮವು ಸಾರ್ಥಕವಾಗುವುದೋ ವ್ಯರ್ಥವಾಗುವುದೋ ಎಂಬುದು ಅಂದು ತಿಳಿಯಬೇಕಾಗಿತ್ತು. ವಿಮಾನವು ಓಡುದಾರಿಯಲ್ಲಿ ಧಾವಿಸಿ, ನೆಲವನ್ನು ಬಿಟ್ಟು, ಮೇಲೇರಿತು. ನಿಯಮಿತವಾದ ಹಾರಾಟವನ್ನು ಮುಗಿಸಿ ದಾಸರು ಅದನ್ನು ಸುರಕ್ಷಿತವಾಗಿ ಕೆಳಗಿಳಿಸಿದರು. ಒಂದು ವಾರದ ತರುವಾಯ, ಜೂನ್ 24ರಂದು, ರಕ್ಷಣಾ ಸಚಿವರಾದ ವಿ. ಕೆ. ಕೃಷ್ಣಮೆನನ್ನರ ಸಮ್ಮುಖದಲ್ಲಿ ಅವರು ಅದನ್ನು ಮತ್ತೆ ಹಾರಿಸಿ ತೋರಿಸಿದರು. ಸ್ವತಂತ್ರವಾಗಿ ಹದಿನಾಲ್ಕು ವರ್ಷವೂ ತುಂಬದ ದೇಶವು ತನ್ನ ಯುದ್ಧವಿಮಾನವನ್ನು ತಾನೇ ಕಟ್ಟಿತ್ತು.

ಅಂದಿನ ಸಂತೋಷದ ಹಿಂದೆ ಒಂದು ಚಿಂತೆಯೂ ಇತ್ತು. ಮರುತ್ ವಿಮಾನದ ಮೈಕಟ್ಟು ಶಬ್ದದ ಇಮ್ಮಡಿ ವೇಗಕ್ಕೆ ತಕ್ಕದ್ದಾಗಿ ರೂಪುಗೊಂಡಿತ್ತು. ಆದರೆ ಅದಕ್ಕೆ ತಕ್ಕ ಎಂಜಿನು ದೊರೆಯಲಿಲ್ಲ. ಇಂಗ್ಲೆಂಡಿನ ಸಂಸ್ಥೆಯೊಂದು ಸಿದ್ಧಪಡಿಸುತ್ತಿದ್ದ ಪ್ರಬಲವಾದ ಎಂಜಿನನ್ನು ನೆಚ್ಚಿಕೊಂಡು ಅದರ ವಿನ್ಯಾಸ ನಡೆದಿತ್ತು. ಆ ಎಂಜಿನಿನ ಕೆಲಸವು ಹಣಕಾಸಿನ ಕಾರಣದಿಂದ ನಡುವೆಯೇ ನಿಂತುಹೋಯಿತು. ಬೇರೆ ದೇಶಗಳ ಎಂಜಿನುಗಳನ್ನು ಅಳವಡಿಸುವ ಪ್ರಯತ್ನಗಳೂ ಫಲಿಸಲಿಲ್ಲ. ಕೊನೆಗೆ, ತಾತ್ಕಾಲಿಕವೆಂದು ಇಟ್ಟಿದ್ದ ಸಾಧಾರಣ ಆರ್ಫಿಯಸ್ ಎಂಜಿನುಗಳೇ ಶಾಶ್ವತವಾದವು. ಅವುಗಳ ಬಲದಿಂದ ವಿಮಾನವು ಶಬ್ದದ ವೇಗದ ಹತ್ತಿರಕ್ಕೆ ಬರುತ್ತಿತ್ತೇ ಹೊರತು ಅದನ್ನು ಮೀರಿ ಸಾಗುತ್ತಿರಲಿಲ್ಲ. ಹೋರಿಗಳಿಗೆ ಹೂಡಬೇಕಾದ ಬಂಡಿಗೆ ಎಳೆಗರುಗಳನ್ನು ಹೂಡಿದಂತಾಯಿತು.

ದಾಸರು ಇದರಿಂದ ಎದೆಗುಂದಲಿಲ್ಲ. ವಿಮಾನದ ಕುಂದುಗಳನ್ನು ಒಂದೊಂದಾಗಿ ಗುರುತಿಸಿ ತಿದ್ದಿಸುವ ಕಾರ್ಯದಲ್ಲಿ ಅವರು ಅನೇಕ ವರ್ಷಗಳನ್ನು ಸವೆಸಿದರು. ಇದರ ನಡುವೆ ಘಾಟಗೆಯವರ ತಂಡವು ರೂಪಿಸಿದ ಕಿರಣ್ ಎಂಬ ಜೆಟ್ ತರಬೇತಿ ವಿಮಾನವನ್ನೂ 1964ರ ಸೆಪ್ಟೆಂಬರ್ 4ರಂದು ಮೊದಲ ಬಾರಿಗೆ ಹಾರಿಸಿದವರು ದಾಸರೇ. ಮುಂದೆ ವಾಯುಸೇನೆಯ ಹಲವು ತಲೆಮಾರುಗಳ ತರುಣರು ಕಿರಣ್ ವಿಮಾನದಲ್ಲಿ ಹಾರಾಟವನ್ನು ಕಲಿತರು. 1967ರಲ್ಲಿ ವಾಯುಸೇನೆಯ 10ನೆಯ ದಳಕ್ಕೂ 1969ರಲ್ಲಿ 220ನೆಯ ದಳಕ್ಕೂ ಮರುತ್ ವಿಮಾನಗಳು ಸೇರಿದವು. ಅದೇ 1967ರಲ್ಲಿ ಕುರ್ಟ್ ಟ್ಯಾಂಕ್ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ಮರಳಿದರು. ಉಳಿದ ಹೊಣೆಯೆಲ್ಲ ನಮ್ಮವರ ಹೆಗಲಿಗೆ ಬಂದಿತು.

ಪರದೇಶದ ಎಂಜಿನು ಬಾರದಿದ್ದರೆ, ಇರುವ ಎಂಜಿನಿನ ಬಲವನ್ನೇ ಹೆಚ್ಚಿಸಬೇಕೆಂದು ನಮ್ಮ ಎಂಜಿನಿಯರರು ಯೋಚಿಸಿದರು. ಜೆಟ್ ಎಂಜಿನಿನಿಂದ ಹೊರಬೀಳುವ ಬಿಸಿಗಾಳಿಯಲ್ಲಿ ಇನ್ನೂ ಉರಿಯದ ಆಮ್ಲಜನಕವು ಉಳಿದಿರುತ್ತದೆ. ಆ ಗಾಳಿಗೆ ಬಾಲದ ಕೊಳವೆಯಲ್ಲಿ ಮತ್ತೊಮ್ಮೆ ಇಂಧನವನ್ನು ಸಿಂಪಡಿಸಿ ಉರಿಸಿದರೆ ವಿಮಾನಕ್ಕೆ ಹೆಚ್ಚಿನ ನೂಕುಬಲವು ದೊರೆಯುತ್ತದೆ. ಇದಕ್ಕೆ ಮರುದಹನವೆಂದು ಹೇಳಬಹುದು. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾಲಯವು ಆರ್ಫಿಯಸ್ ಎಂಜಿನಿಗೆ ಇಂತಹ ವ್ಯವಸ್ಥೆಯನ್ನು ಸಿದ್ಧಪಡಿಸಿತು. ಅದಕ್ಕಾಗಿ ವಿಮಾನದ ಹಿಂಭಾಗವನ್ನು ಹಿಗ್ಗಿಸಬೇಕಾಯಿತು. ಹಿಗ್ಗಿಸಿದ ಭಾಗವು ಗಾಳಿಗೆ ಹೆಚ್ಚು ಅಡ್ಡಿಯಾಗುತ್ತಿತ್ತು. ಗಳಿಸಿದ ಬಲದಲ್ಲಿ ಎಷ್ಟು ಉಳಿಯುವುದು, ಎಷ್ಟು ನಷ್ಟವಾಗುವುದು ಎಂಬುದನ್ನು ಹಾರಿಸಿಯೇ ತಿಳಿಯಬೇಕಾಗಿತ್ತು.

1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ದಾಸರು ಮರುದಹನ ವ್ಯವಸ್ಥೆಯುಳ್ಳ ಮರುತ್ ವಿಮಾನವನ್ನು ಏರಿ ಹೊರಟರು. ನೆಲವನ್ನು ಬಿಟ್ಟ ಕೆಲವೇ ಕ್ಷಣಗಳಲ್ಲಿ ವಿಮಾನವು ಅಪಘಾತಕ್ಕೆ ಈಡಾಯಿತು. ಒಂಬತ್ತು ವರ್ಷಗಳ ಹಿಂದೆ ಯಾವ ವಿಮಾನಕ್ಕೆ ಅವರು ಆಕಾಶವನ್ನು ತೋರಿಸಿದ್ದರೋ ಅದರಲ್ಲಿಯೇ ಅವರ ಜೀವನವು ಮುಗಿಯಿತು. ರಾಷ್ಟ್ರವು ಮರಣೋತ್ತರವಾಗಿ ಪದ್ಮ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತು. ಬೆಂಗಳೂರು ತನ್ನ ರಸ್ತೆಯೊಂದಕ್ಕೆ ಅವರ ಹೆಸರನ್ನಿಟ್ಟು ನೆನಪನ್ನು ಉಳಿಸಿಕೊಂಡಿತು.

ದಾಸರು ಗತಿಸಿ ಎರಡು ವರ್ಷ ತುಂಬುವ ಮೊದಲೇ ಮರುತ್ ವಿಮಾನಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. 1971ರ ಡಿಸೆಂಬರ್ 3ರಂದು ಪಾಕಿಸ್ತಾನದೊಡನೆ ಯುದ್ಧವು ಆರಂಭವಾಯಿತು. ರಾಜಸ್ಥಾನದ ಜೋಧಪುರ, ಉತ್ತರಲಾಯಿ ನೆಲೆಗಳಿಂದ ಎರಡು ಮರುತ್ ದಳಗಳು ಸಿಂಧ್ ಪ್ರಾಂತದ ಮೇಲೆ ದಾಳಿಗಿಳಿದವು. ಮರುಭೂಮಿಯಲ್ಲಿ ಮುನ್ನುಗ್ಗುತ್ತಿದ್ದ ನಮ್ಮ ಭೂಸೇನೆಗೆ ಅವು ಮೇಲಿನಿಂದ ಆಸರೆಯಾದವು. ಶತ್ರುವಿನ ಸರಕು ಸಾಗಣೆಯನ್ನೂ ಶಿಬಿರಗಳನ್ನೂ ಧ್ವಂಸಗೊಳಿಸಿದವು. ನೆಲಕ್ಕೆ ಹತ್ತಿರವಾಗಿ ವೇಗದಿಂದ ಹಾರುವಾಗಲೂ ಈ ವಿಮಾನವು ಸ್ಥಿರವಾಗಿರುತ್ತಿತ್ತು. ಆ ಗುಣವೇ ಈಗ ವರವಾಯಿತು. ವಿಮಾನದ ಎರಡು ಎಂಜಿನುಗಳಲ್ಲಿ ಒಂದು ಶತ್ರುವಿನ ಗುಂಡೇಟಿನಿಂದ ಕೆಟ್ಟುನಿಂತಾಗಲೂ ಚಾಲಕರು ಉಳಿದೊಂದರ ಬಲದಿಂದ ಸ್ವದೇಶಕ್ಕೆ ಮರಳಿದ ಪ್ರಸಂಗಗಳು ನಡೆದವು. ನೆಲದಿಂದ ಹಾರಿಬಂದ ಗುಂಡುಗಳಿಗೆ ಕೆಲವು ವಿಮಾನಗಳು ಬಲಿಯಾದುವಾದರೂ ಆಕಾಶದ ಕಾಳಗದಲ್ಲಿ ಒಂದು ಮರುತ್ ಕೂಡ ಬೀಳಲಿಲ್ಲ. ಮರುತ್ ಚಾಲಕರಲ್ಲಿ ಕೆಲವರು ವೀರಚಕ್ರ ಪಡೆದರು.

ಮರುತ್ ವಿಮಾನಗಳು ಒಟ್ಟು 147 ತಯಾರಾದವು. 1990ರ ವೇಳೆಗೆ ಅವು ಸೇವೆಯಿಂದ ನಿವೃತ್ತವಾದವು. ಶಬ್ದದ ಇಮ್ಮಡಿ ವೇಗವನ್ನು ಮುಟ್ಟುವ ಕನಸು ಅವುಗಳ ಪಾಲಿಗೆ ಕನಸಾಗಿಯೇ ಉಳಿಯಿತು. 2001ರ ಜನವರಿ 4ರಂದು ಅದೇ ಬೆಂಗಳೂರಿನಲ್ಲಿ ತೇಜಸ್ ಎಂಬ ಹೊಸ ಸ್ವದೇಶಿ ಯುದ್ಧವಿಮಾನವು ಮೊದಲ ಬಾರಿಗೆ ಹಾರಿತು. ಆಗಲೂ ಅದರ ಎಂಜಿನು ಹೊರದೇಶದ್ದೇ ಆಗಿತ್ತು. ದಾಸರು ಪ್ರಾಣವನ್ನೇ ಪಣವಾಗಿಟ್ಟು ಬಿಡಿಸಲು ಹೊರಟ ಸಮಸ್ಯೆಯು ಎಷ್ಟು ಕಠಿಣವಾದುದೆಂಬುದು ಇದರಿಂದ ತಿಳಿಯುತ್ತದೆ.

ಯುದ್ಧರಂಗದಲ್ಲಿ ಹೋರಾಡಿದ ವೀರರ ಹೆಸರುಗಳು ಎಲ್ಲರ ಕಿವಿಗೂ ಬೀಳುತ್ತವೆ. ಅವರ ಕೈಯಲ್ಲಿದ್ದ ಆಯುಧವನ್ನು ಮೊದಲು ತಾನು ಹಿಡಿದು ನೋಡಿ, ಅದರ ದೋಷವನ್ನು ತನ್ನ ಮೈಮೇಲೆ ತೆಗೆದುಕೊಂಡವರನ್ನು ಲೋಕವು ಬಹುಬೇಗ ಮರೆಯುತ್ತದೆ. ಮರುತ್ ವಿಮಾನವೇರಿ ಮರುಭೂಮಿಯ ಮೇಲೆ ಹಾರಿದ ತರುಣರು ಒಂದೇ ಎಂಜಿನಿನಲ್ಲಿ ಮನೆಗೆ ಮರಳಿದರು. ಆ ವಿಮಾನವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಅವರಿಗಿಂತ ಮೊದಲು ಒಬ್ಬರು ಅಳೆದು ನೋಡಿದ್ದರು. ಬೆಂಗಳೂರಿಗೆ ಹೋದಾಗ ಸುರಂಜನ್ ದಾಸ್ ರಸ್ತೆಯ ಫಲಕವು ಕಣ್ಣಿಗೆ ಬಿದ್ದರೆ, ವಿದ್ಯಾರ್ಥಿಗಳಾದ ನೀವು ಒಂದು ಕ್ಷಣ ನಿಂತು ಆ ಒಬ್ಬರನ್ನು ನೆನೆಯಿರಿ.