ಸಂಭವನೀಯತೆಯ ಗಣಿತ ಕೊಟ್ಟ ವಿಶ್ವಾಸಿ ಬ್ಲೇಸ್ ಪಾಸ್ಕಲ್

ಶಿರಗುಪ್ಪಿಯ ಎರೆಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಬಿತ್ತುವ ರೈತ ಬಿತ್ತನೆಯ ಹೊತ್ತಿಗೆ ಬೆಳೆವಿಮೆಯ ಕಂತನ್ನೂ ಕಟ್ಟುತ್ತಾನೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿನ ಕಾಳುಕಡಿಗಳಿಗೆ ವಿಮೆಯ ಮೊತ್ತದ ನೂರಕ್ಕೆ 2 ಮೀರಬಾರದು, ಹಿಂಗಾರಿಗೆ ಒಂದೂವರೆ ಮೀರಬಾರದು ಎಂದು ನಿಗದಿಯಾಯಿತು. ಈ ಸಲ ಮಳೆ ಹಿಡಿಯುತ್ತದೆಯೋ ಕೈಕೊಡುತ್ತದೆಯೋ ಎಂದು ಊರಿನ ಹಿರಿಯರೂ ಹೇಳಲಾರರು, ವಿಮಾ ಕಂಪನಿಯವರೂ ಹೇಳಲಾರರು. ಆದರೂ ಕಂತು ಎಷ್ಟಿರಬೇಕೆಂದು ಲೆಕ್ಕ ಹಾಕಲು ಸಾಧ್ಯವಿದೆ. ಕಾಣದ ನಾಳೆಯನ್ನು ಹೀಗೆ ತೂಗಿ ನೋಡುವ ವಿದ್ಯೆಗೆ ಸಂಭವನೀಯತೆಯ ಗಣಿತ ಎಂದು ಹೆಸರು. 1654ರಲ್ಲಿ ಇಬ್ಬರು ಫ್ರೆಂಚರು ಪರಸ್ಪರ ಬರೆದುಕೊಂಡ ಕೆಲವು ಕಾಗದಗಳಲ್ಲಿ ಅದಕ್ಕೆ ಬುನಾದಿ ಬಿದ್ದಿತು. ಅವರಲ್ಲೊಬ್ಬರು ಪಿಯೆರ್ ಫರ್ಮಾ. ಮತ್ತೊಬ್ಬರು ಕಥೋಲಿಕ ವಿಶ್ವಾಸಿ ಬ್ಲೇಸ್ ಪಾಸ್ಕಲ್.

ಪಾಸ್ಕಲ್ ಎಂಬ ಹೆಸರು ನಮ್ಮ ಧರ್ಮಕೇಂದ್ರಗಳಿಗೆ ಹೊಸದಲ್ಲ. ನಮ್ಮಲ್ಲಿ ಅದು ಜ್ಞಾನಸ್ನಾನದ ಹೆಸರು, ಪಾಸ್ಖ ಹಬ್ಬದಿಂದ ಬಂದದ್ದು. ಇವರಿಗಾದರೋ ಅದು ಮನೆತನದ ಹೆಸರು.

ಪಾಸ್ಕಲರು 1623ರ ಜೂನ್ 19ರಂದು ಫ್ರಾನ್ಸಿನ ಕ್ಲೆರ್ಮೋನ್ ಪಟ್ಟಣದಲ್ಲಿ ಹುಟ್ಟಿದರು. ಮೂರು ವರ್ಷ ತುಂಬಿದ್ದಾಗ ತಾಯಿ ತೀರಿಕೊಂಡರು. ಅಕ್ಕ ಗಿಲ್ಬೆರ್ತ್, ತಂಗಿ ಜಾಕ್ಲೀನ್, ನಡುವೆ ಇವರು. ಕಂದಾಯ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ತಂದೆ ಎಟಿಯೆನ್ ಮರುಮದುವೆಯಾಗಲಿಲ್ಲ. 1631ರಲ್ಲಿ ಮಕ್ಕಳನ್ನು ಕರೆದುಕೊಂಡು ಪ್ಯಾರಿಸಿಗೆ ಬಂದು, ಶಾಲೆಗೆ ಕಳಿಸದೆ ತಾವೇ ಪಾಠ ಹೇಳಿದರು. ಮೊದಲು ಭಾಷೆಗಳನ್ನು ಕಲಿಯಲಿ, ಗಣಿತದ ರುಚಿ ಹತ್ತಿದರೆ ಹುಡುಗ ಬೇರೆ ಯಾವುದನ್ನೂ ಓದುವುದಿಲ್ಲ ಎಂದು ಗಣಿತದ ಪುಸ್ತಕಗಳನ್ನು ಬಚ್ಚಿಟ್ಟರಂತೆ. ಹನ್ನೆರಡು ವರ್ಷದ ಬಾಲಕ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದು, ತ್ರಿಕೋನದ ಮೂರು ಕೋನಗಳು ಸೇರಿದರೆ ಎರಡು ಲಂಬಕೋನವಾಗುತ್ತದೆ ಎಂಬುದನ್ನು ತಾನೇ ಕಂಡುಕೊಂಡ ಎಂದು ಅಕ್ಕ ಬರೆದಿಟ್ಟಿದ್ದಾರೆ. ತಮ್ಮನ ಮೇಲಿನ ಅಕ್ಕರೆ ಆ ಬರಹದಲ್ಲಿ ಸ್ವಲ್ಪ ಬೆರೆತಿರಬಹುದು. ಆದರೆ ಹದಿನಾರನೆಯ ವಯಸ್ಸಿಗೆ ಪಾಸ್ಕಲ್ ಬರೆದ ಜ್ಯಾಮಿತಿಯ ಪುಟ್ಟ ಪ್ರಬಂಧ 1640ರಲ್ಲಿ ಅಚ್ಚಾದದ್ದು ನಿಜ.

ತಂಗಿ ಜಾಕ್ಲೀನ್ ಸಹ ಸಾಮಾನ್ಯಳಲ್ಲ; ಚಿಕ್ಕಂದಿನಲ್ಲೇ ಕವಿತೆ ಕಟ್ಟುತ್ತಿದ್ದಳು. ಸರ್ಕಾರವನ್ನು ಎದುರುಹಾಕಿಕೊಂಡ ತಂದೆ ತಲೆಮರೆಸಿಕೊಳ್ಳಬೇಕಾಗಿ ಬಂದಾಗ, 1639ರಲ್ಲಿ ಹದಿಮೂರರ ಈ ಹುಡುಗಿ ಕಾರ್ಡಿನಲ್ ರಿಶಲ್ಯೂ ಅವರೆದುರು ನಾಟಕದಲ್ಲಿ ಅಭಿನಯಿಸಿ, ಆಮೇಲೆ ತಂದೆಗಾಗಿ ಕ್ಷಮೆ ಬೇಡಿದಳು. ಕ್ಷಮೆಯಷ್ಟೇ ಅಲ್ಲ, ತಂದೆಗೆ ರುವಾನ್ ನಗರದಲ್ಲಿ ತೆರಿಗೆಯ ದೊಡ್ಡ ಹುದ್ದೆಯೂ ಸಿಕ್ಕಿತು. ಅಲ್ಲಿ ರಾತ್ರಿಯೆಲ್ಲ ಕೂಡಿಸಿ ಕಳೆಯುತ್ತಿದ್ದ ತಂದೆಯ ಶ್ರಮವನ್ನು ನೋಡಲಾರದೆ ಪಾಸ್ಕಲರು 1642ರಲ್ಲಿ ಲೆಕ್ಕದ ಯಂತ್ರವೊಂದನ್ನು ಕಟ್ಟಲು ತೊಡಗಿದರು. ಒಂದು ಚಕ್ರ ಪೂರ್ತಿ ಒಂದು ಸುತ್ತು ಬಂದರೆ ಪಕ್ಕದ ಚಕ್ರ ಒಂದು ಅಂಕಿ ಮುಂದೆ ಸರಿಯುವ ಉಪಾಯ ಅದರಲ್ಲಿತ್ತು. ಗಾಳಿಗೂ ಭಾರವಿದೆಯೇ ಎಂಬ ಪ್ರಶ್ನೆಯನ್ನೂ ಅವರು ಕೈಗೆತ್ತಿಕೊಂಡರು. 1648ರಲ್ಲಿ ಭಾವ ಪೆರಿಯೆ ಅವರಿಂದ ಪಾದರಸದ ಕೊಳವೆಯನ್ನು ಬೆಟ್ಟದ ತುದಿಗೆ ಹೊರಿಸಿದರು. ಮೇಲೇರಿದಂತೆ ಪಾದರಸ ಇಳಿಯಿತು. ಇಂದು ಚಂಡಮಾರುತದ ವರದಿಗಳಲ್ಲಿ ಗಾಳಿಯ ಒತ್ತಡವನ್ನು ಹೇಳುವ ಹೆಕ್ಟೋಪಾಸ್ಕಲ್ ಎಂಬ ಅಳತೆಯಲ್ಲಿ ಅವರ ಹೆಸರೇ ಉಳಿದಿದೆ.

ಆ ಮನೆಗೆ ಭಕ್ತಿ ಬಂದದ್ದು ಒಂದು ಅಪಘಾತದಿಂದ. 1646ರ ಚಳಿಗಾಲದಲ್ಲಿ ತಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಮೂಳೆ ಕೂಡಿಸಲು ಬಂದ ಇಬ್ಬರು ಅಣ್ಣತಮ್ಮಂದಿರು ಮೂರು ತಿಂಗಳು ಅಲ್ಲೇ ಉಳಿದರು. ಅವರು ತಂದ ಆಧ್ಯಾತ್ಮಿಕ ಪುಸ್ತಕಗಳನ್ನು ಓದಿ ಮನೆಯವರೆಲ್ಲ ಬದಲಾದರು. ಎಲ್ಲರಿಗಿಂತ ಹೆಚ್ಚಾಗಿ ನಾಟಿದ್ದು ಜಾಕ್ಲೀನಳಿಗೆ. ಕನ್ಯಾಸ್ತ್ರೀ ಆಗುತ್ತೇನೆಂದಳು. ನಾನು ಬದುಕಿರುವ ತನಕ ಬೇಡ ಎಂದರು ತಂದೆ.

1651ರಲ್ಲಿ ತಂದೆ ತೀರಿಹೋದರು. ಕುಟುಂಬಸ್ಥರು ಗಮನವಿಟ್ಟು ಓದಬೇಕಾದ ಭಾಗ ಇದು. ಈಗ ತಂಗಿಯನ್ನು ತಡೆದವರು ಸ್ವತಃ ಪಾಸ್ಕಲರು. ಆರೋಗ್ಯ ಕೆಟ್ಟಿತ್ತು, ಒಂಟಿತನದ ಭಯವಿತ್ತು, ಯಂತ್ರಕ್ಕೆ ಹಣ ಹೋಗಿತ್ತು. ಇನ್ನಷ್ಟು ಕಾಲ ತಡೆ ಎಂದು ಬೇಡಿಕೊಂಡರು. ಅವಳು ತಡೆಯಲಿಲ್ಲ. 1652ರ ಜನವರಿ 4ರಂದು ಬೆಳಗ್ಗೆ, ಅಣ್ಣನಿಗೆ ವಿದಾಯವನ್ನೂ ಹೇಳದೆ ಪೋರ್-ರಾಯಲ್ ಮಠಕ್ಕೆ ಹೊರಟುಬಿಟ್ಟಳು. ಅವಳ ಪಾಲಿನ ಆಸ್ತಿಯನ್ನು ಮಠಕ್ಕೆ ಕೊಡುವ ಮಾತು ಬಂದಾಗ ಪಾಸ್ಕಲರೂ ಅಕ್ಕನ ಮನೆಯವರೂ ಒಪ್ಪಲಿಲ್ಲ. ಬರಿಗೈಯಲ್ಲಿ ಮಠ ಸೇರಬೇಕಾದ ಅವಮಾನದಲ್ಲಿ ಜಾಕ್ಲೀನ್ ಬೆಂದುಹೋದಳು. ಮಠದ ಹಿರಿಯ ತಾಯಿಯವರು ಹಣವಿಲ್ಲದೆಯೇ ಅವಳನ್ನು ಸೇರಿಸಿಕೊಳ್ಳಲು ಸಿದ್ಧರಾದರು. ಕೊನೆಗೆ ಪಾಸ್ಕಲರೇ ನಾಚಿ ಹಣ ಕೊಟ್ಟರು. 1653ರ ಜೂನಿನಲ್ಲಿ ಅವಳು ವ್ರತ ಸ್ವೀಕರಿಸಿದಳು. ದೈವಕರೆಯ ವಿಷಯದಲ್ಲಿ ಆಸ್ತಿ ಅಡ್ಡ ಬರುವುದು ನಮ್ಮ ಮನೆಗಳಿಗೂ ತಿಳಿಯದ ಸಂಗತಿಯಲ್ಲ.

ಆಮೇಲಿನ ಒಂದೆರಡು ವರ್ಷ ಪಾಸ್ಕಲರು ಶ್ರೀಮಂತ ಗೆಳೆಯರ ನಡುವೆ ಇದ್ದರು. ಅವರಲ್ಲೊಬ್ಬ, ಶೆವಾಲಿಯೆ ದ ಮೆರೆ ಎಂಬಾತ, ಜೂಜಿನ ಒಂದು ಪ್ರಶ್ನೆ ಕೇಳಿದ. ಅದನ್ನು ಗೋಲಿಯಾಟಕ್ಕೆ ಇಳಿಸಿ ಹೇಳೋಣ. ಸಮಾನ ಕೈಚಳಕದ ಇಬ್ಬರು ಹುಡುಗರು ತಲಾ 32 ಗೋಲಿ ಇಟ್ಟು, ಮೊದಲು ಮೂರು ಆಟ ಗೆದ್ದವನಿಗೆ ಅರವತ್ತನಾಲ್ಕೂ ಸೇರಬೇಕೆಂದು ಆಡುತ್ತಾರೆ. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಅಷ್ಟರಲ್ಲಿ ಮಳೆ ಬಂದು ಆಟ ನಿಂತಿತು. ಗೋಲಿ ಹಂಚುವುದು ಹೇಗೆ? ಪಾಸ್ಕಲರು ಆಗಿಹೋದ ಆಟಗಳನ್ನು ಬಿಟ್ಟು ಆಗದೆ ಉಳಿದ ಆಟವನ್ನು ನೋಡಿದರು. ಮುಂದಿನ ಆಟ ಮೊದಲನೆಯವನು ಗೆದ್ದರೆ 64 ಅವನದು. ಸೋತರೆ ಇಬ್ಬರೂ ಸಮ, ಆಗಲೂ 32 ಅವನದೇ. ಆದ್ದರಿಂದ ಆ 32 ಅವನಿಗೆ ಖಂಡಿತ. ಉಳಿದ 32ರಲ್ಲಿ ಇಬ್ಬರಿಗೂ ಸಮಾನ ಅವಕಾಶ, ತಲಾ 16. ಹೀಗೆ 48 ಮತ್ತು 16. ಫರ್ಮಾ ಬೇರೆ ದಾರಿಯಿಂದ ಬಂದು ಅದೇ ಉತ್ತರ ಮುಟ್ಟಿದ್ದರು. ಇಷ್ಟು ಸರಳ ಎನಿಸಬಹುದು. ಆದರೆ ನಡೆಯದೇ ಉಳಿದ ಸಂಗತಿಗೂ ನ್ಯಾಯವಾದ ಬೆಲೆ ಕಟ್ಟಬಹುದೆಂಬ ಈ ದಾರಿ ಮುಂದೆ ವಿಮೆ, ಪಿಂಚಣಿ, ಔಷಧಿಗಳ ಪರೀಕ್ಷೆ, ಹವಾಮಾನದ ಮುನ್ಸೂಚನೆಯವರೆಗೆ ಹರಿದು ಬಂದಿತು.

ಈ ಲೆಕ್ಕಕ್ಕೆ ಅವರು ಬಳಸಿದ ಅಂಕಿಗಳ ತ್ರಿಕೋನಕ್ಕೆ ಲೋಕವು ಪಾಸ್ಕಲ್ ತ್ರಿಕೋನ ಎಂದಿತು. ನಮ್ಮ ದೇಶದ ಛಂದಶ್ಶಾಸ್ತ್ರಜ್ಞರು ಅದನ್ನು ಮೇರು ಪ್ರಸ್ತಾರವೆಂದು ಮೊದಲೇ ಬಲ್ಲವರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲೇ, ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬ ಸಾಮಾನ್ಯ ಸೂತ್ರವನ್ನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದರು. ಕನ್ನಡಿಗರು ಇದನ್ನು ನೆನೆಯದೆ ಪಾಸ್ಕಲರನ್ನಷ್ಟೇ ಹೊಗಳುವುದು ಸರಿಯಲ್ಲ.

ಅದೇ 1654ರಲ್ಲಿ ಪಾಸ್ಕಲರಿಗೆ ಲೋಕದ ಮೇಲೆ ಜಿಗುಪ್ಸೆ ಹುಟ್ಟಿತ್ತು, ದೇವರ ಕಡೆಗೆ ಮನಸ್ಸು ಹರಿಯುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ಅವರು ಹೋದದ್ದು ತಾವೇ ನೋಯಿಸಿದ್ದ ತಂಗಿಯ ಬಳಿಗೆ, ಮಠದ ಭೇಟಿಕೋಣೆಗೆ. ನವೆಂಬರ್ 23ರ ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆಯ ತನಕ ಅವರಿಗೆ ದೇವರ ಅನುಭವವಾಯಿತು. ಅಂದಿನ ಆನಂದ, ಕಣ್ಣೀರು, ಯೇಸುಸ್ವಾಮಿಗೆ ತಮ್ಮನ್ನು ಒಪ್ಪಿಸಿಕೊಂಡದ್ದು ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. ಯಾರಿಗೂ ತೋರಿಸಲಿಲ್ಲ.

ಧರ್ಮಸಭೆಯೊಂದಿಗೆ ಅವರ ಸಂಬಂಧ ಸುಸೂತ್ರವಾಗಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಪೋರ್-ರಾಯಲ್ ಮಠದವರು ದೇವರ ವರಪ್ರಸಾದದ ಬಗ್ಗೆ ಜಾನ್ಸೆನ್ ಎಂಬ ಬಿಷಪರ ಬೋಧನೆಗೆ ಒಲಿದಿದ್ದರು. ಆ ಬೋಧನೆಯ ಐದು ವಾಕ್ಯಗಳನ್ನು ರೋಮ್ 1653ರಲ್ಲಿ ಖಂಡಿಸಿತು. ಗೆಳೆಯರ ಪರವಾಗಿ ಪಾಸ್ಕಲರು 1656-57ರಲ್ಲಿ ಹೆಸರು ಹಾಕದೆ ಹದಿನೆಂಟು ಪತ್ರಗಳನ್ನು ಪ್ರಕಟಿಸಿ ಯೇಸುಸಭೆಯ ಗುರುಗಳನ್ನು ಕಟುವಾಗಿ ಗೇಲಿ ಮಾಡಿದರು. ಪತ್ರಗಳು ನಿಷೇಧಿತ ಗ್ರಂಥಗಳ ಪಟ್ಟಿ ಸೇರಿದವು. ಆ ಗೇಲಿಯಲ್ಲಿ ನ್ಯಾಯದ ಜೊತೆಗೆ ಅನ್ಯಾಯವೂ ಇದೆ ಎಂದೇ ನನ್ನ ಎಣಿಕೆ. 2023ರಲ್ಲಿ ಅವರ ನಾಲ್ಕುನೂರನೆಯ ಹುಟ್ಟುಹಬ್ಬದಂದು, ಸ್ವತಃ ಯೇಸುಸಭೆಯವರಾಗಿದ್ದ ಜಗದ್ಗುರು ಫ್ರಾನ್ಸಿಸರು ಮಾನವನ ಹಿರಿಮೆ ಮತ್ತು ದೈನ್ಯವೆಂಬ ಅರ್ಥದ ಶೀರ್ಷಿಕೆಯ ಪ್ರೇಷಿತ ಪತ್ರ ಹೊರಡಿಸಿ ಪಾಸ್ಕಲರನ್ನು ಪ್ರೀತಿಯಿಂದ ನೆನೆದರು.

ಪಾಸ್ಕಲರ ಪಣ ಎಂಬ ವಾದವನ್ನು ಹಲವರು ಕೇಳಿರುತ್ತಾರೆ. ದೇವರಿದ್ದಾನೆ ಎಂದು ಬಾಳಿದವನಿಗೆ, ದೇವರಿದ್ದರೆ ಸಿಗುವುದು ಅನಂತ. ಇಲ್ಲದಿದ್ದರೆ ಕಳೆದುಕೊಳ್ಳುವುದು ಅತ್ಯಲ್ಪ. ಇದು ದೇವರೊಡನೆ ವ್ಯಾಪಾರ ಎಂದು ಟೀಕಿಸುವವರಿದ್ದಾರೆ. ಪಣ ಕಟ್ಟುವುದೇ ಬದುಕಾಗಿದ್ದ ಗೆಳೆಯರಿಗೆ ಅವರದೇ ಭಾಷೆಯಲ್ಲಿ ಹೇಳಿದ ಮಾತು ಅದು. ಮನಸ್ಸು ಒಪ್ಪದಿದ್ದರೆ ಏನು ಮಾಡಲಿ ಎಂದು ಕೇಳುವವನಿಗೆ ಅವರು ಮತ್ತಷ್ಟು ವಾದ ಹೂಡಲಿಲ್ಲ. ವಿಶ್ವಾಸಿಗಳು ಮಾಡುವಂತೆ ತೀರ್ಥ ಮುಟ್ಟಿಕೋ, ಪೂಜೆಗೆ ನಿಲ್ಲು ಎಂಬುದು ಅವರ ಸಲಹೆಯಾಗಿತ್ತು. ತಮ್ಮ ವಿಶ್ವಾಸ ಲೆಕ್ಕದಿಂದ ಬಂದದ್ದಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

1661ರ ಅಕ್ಟೋಬರಿನಲ್ಲಿ ಜಾಕ್ಲೀನ್ ತೀರಿಕೊಂಡಳು. ಪಾಸ್ಕಲರ ಕಾಯಿಲೆಯೂ ಬಲಿಯಿತು. ಆದರೂ 1662ರ ಮಾರ್ಚಿನಲ್ಲಿ ಗೆಳೆಯರೊಡನೆ ಪ್ಯಾರಿಸಿನಲ್ಲಿ ಗೊತ್ತಾದ ದಾರಿ, ಗೊತ್ತಾದ ದರದ ಸಾರಿಗೆ ಬಂಡಿಗಳನ್ನು ಓಡಿಸಿದರು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸುಗಳ ಹಿರಿಯಜ್ಜ ಎನ್ನಬಹುದು. ಬ್ಲುವಾ ಪ್ರಾಂತ್ಯದಲ್ಲಿ ಬರ ಬಿದ್ದಿತ್ತು. ಬಂಡಿಗಳ ಲಾಭ ಬರುವ ಮೊದಲೇ ತಮ್ಮ ಪಾಲನ್ನು ಮುಂಗಡವಾಗಿ ಕೊಡಿ, ಅಲ್ಲಿನ ಬಡವರಿಗೆ ಕಳಿಸಬೇಕು ಎಂದು ಪಾಲುದಾರರನ್ನು ಕೇಳಿದರು. ಅವರು ಒಪ್ಪಲಿಲ್ಲ; ಲಾಭ ಬರುತ್ತದೋ ಇಲ್ಲವೋ ಎಂಬ ಅನುಮಾನ ಅವರದು.

ತಮ್ಮ ಮನೆಯಲ್ಲಿ ಪಾಸ್ಕಲರು ಒಂದು ಬಡ ಕುಟುಂಬವನ್ನು ಇರಿಸಿಕೊಂಡಿದ್ದರು. ಆ ಕುಟುಂಬದ ಮಗುವಿಗೆ ಸಿಡುಬು ಎದ್ದಿತು. ಆರೈಕೆಗೆ ಬರುತ್ತಿದ್ದ ಅಕ್ಕನ ಮೂಲಕ ಅವಳ ಮಕ್ಕಳಿಗೆ ರೋಗ ಹರಡುವ ಭಯ. ಮಗುವನ್ನು ಹೊರಗೆ ಕಳಿಸುವುದೇ ಲೋಕರೂಢಿ. ಪಾಸ್ಕಲರು ಮಗುವನ್ನು ಮನೆಯಲ್ಲೇ ಬಿಟ್ಟು, ಸಾವಿನ ಅಂಚಿನಲ್ಲಿದ್ದ ತಾವೇ ಅಕ್ಕನ ಮನೆಗೆ ಸ್ಥಳಾಂತರಗೊಂಡರು. ಅಲ್ಲಿ ಪರಮಪ್ರಸಾದಕ್ಕಾಗಿ ಹಂಬಲಿಸಿದರು. ವೈದ್ಯರು ಈಗಲೇ ಬೇಡವೆಂದಾಗ, ಹಾಗಾದರೆ ಒಬ್ಬ ಬಡರೋಗಿಯನ್ನು ಇದೇ ಮನೆಗೆ ತಂದು ತಮಗೆ ಮಾಡುವ ಶುಶ್ರೂಷೆಯನ್ನೇ ಅವನಿಗೂ ಮಾಡಿ ಎಂದು ಕೇಳಿಕೊಂಡರು. ಅದು ಕೂಡಿಬರಲಿಲ್ಲ. ಗುಣವಾಗದ ರೋಗಿಗಳ ಆಸ್ಪತ್ರೆಯಲ್ಲಿ ಬಡವರ ನಡುವೆ ಸಾಯುತ್ತೇನೆ, ಅಲ್ಲಿಗೆ ಒಯ್ಯಿರಿ ಎಂದರು. ಅದಕ್ಕೂ ವೈದ್ಯರು ಬಿಡಲಿಲ್ಲ. ಕೊನೆಯಲ್ಲಿ ಧರ್ಮಕೇಂದ್ರದ ಗುರುಗಳಿಂದ ಪರಮಪ್ರಸಾದವನ್ನೂ ಅಂತ್ಯಾಭ್ಯಂಗವನ್ನೂ ಸ್ವೀಕರಿಸಿ 1662ರ ಆಗಸ್ಟ್ 19ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಕ್ರೈಸ್ತ ವಿಶ್ವಾಸದ ಬಗ್ಗೆ ದೊಡ್ಡ ಗ್ರಂಥವೊಂದಕ್ಕೆ ಅವರು ಮಾಡಿಟ್ಟಿದ್ದ ಟಿಪ್ಪಣಿಗಳನ್ನು ಮನೆಯವರೂ ಗೆಳೆಯರೂ ಕೂಡಿಸಿ 1670ರಲ್ಲಿ ಚಿಂತನೆಗಳು ಎಂಬ ಅರ್ಥದ ಹೆಸರಿನಲ್ಲಿ ಅಚ್ಚು ಹಾಕಿಸಿದರು. ಅದಕ್ಕೂ ಮೊದಲು, ಸಾವಿನ ಕೆಲವೇ ದಿನಗಳ ನಂತರ, ಸೇವಕನೊಬ್ಬನಿಗೆ ಅವರ ಅಂಗಿಯ ಒಳಪದರದಲ್ಲಿ ಏನೋ ದಪ್ಪಗೆ ತಾಗಿತು. ಹೊಲಿಗೆ ಬಿಚ್ಚಿದಾಗ ನವೆಂಬರ್ 23ರ ರಾತ್ರಿ ಬರೆದ ಚೀಟಿಯೂ ಅದರ ಪ್ರತಿಯೂ ಸಿಕ್ಕವು. ಎಂಟು ವರ್ಷ, ಅಂಗಿ ಬದಲಿಸಿದಾಗಲೆಲ್ಲ ಹೊಲಿಗೆ ಬಿಚ್ಚಿ ಹೊಸ ಅಂಗಿಯೊಳಗೆ ತಾವೇ ಹೊಲಿದುಕೊಳ್ಳುತ್ತಿದ್ದರು. ಗಿಲ್ಬೆರ್ತಳಿಗೂ ಅದು ಗೊತ್ತಿರಲಿಲ್ಲ.