ಆದರ್ಶ ಕ್ರೈಸ್ತ ಮಾತೆ ಸಂತ ಜೆಲಿ ಮಾರ್ಟಿನ್

ಒಂದು ಧರ್ಮಕೇಂದ್ರದ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟಾಗ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳೂ ಕಟ್ಟಡಗಳ ತಾರೀಖುಗಳೂ ಸುಲಭವಾಗಿ ದೊರೆಯುತ್ತವೆ. ಆದರೆ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಶಿಲುಬೆಯ ಗುರುತು ಹಾಕಲು ಕಲಿಸಿದ ತಾಯಂದಿರ ಹೆಸರುಗಳು ಜ್ಞಾನಸ್ನಾನದ ದಫ್ತರಿನಲ್ಲಿ ಮಗುವಿನ ಹೆಸರಿನ ಪಕ್ಕದಲ್ಲಿ ಒಮ್ಮೆ ಕಾಣಿಸಿಕೊಂಡು ಮರೆಯಾಗುತ್ತವೆ. ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ವಿಶ್ವಾಸದ ದೀಪ ಆರದೆ ಉಳಿದಿದ್ದರೆ ಅದಕ್ಕೆ ಎಣ್ಣೆ ಎರೆದವರು ಈ ತಾಯಂದಿರೇ. ಇಂತಹ ತಾಯಿಯೊಬ್ಬಳು ಬಹುಕಾಲ ರೋಗದಿಂದ ನರಳಿ ಕಣ್ಮುಚ್ಚಿದ ಮನೆಯಲ್ಲಿ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಇಷ್ಟೆಲ್ಲ ಪ್ರಾರ್ಥಿಸಿದರೂ ದೇವರು ನಮ್ಮ ಅಮ್ಮನನ್ನು ಏಕೆ ಉಳಿಸಲಿಲ್ಲ? ಈ ಪ್ರಶ್ನೆಯನ್ನು ಎದೆಯಲ್ಲಿ ಹೊತ್ತವರಿಗಾಗಿ ಬಾಲ ಯೇಸುವಿನ ಸಂತ ತೆರೇಸಾರವರ ತಾಯಿ ಜೆಲಿ ಮಾರ್ಟಿನ್‌ರವರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಜೆಲಿಯವರು 1831ನೆಯ ಡಿಸೆಂಬರ್ 23ರಂದು ಫ್ರಾನ್ಸ್ ದೇಶದ ನಾರ್ಮಂಡಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಜನಿಸಿದರು. ತಂದೆ ಹಿಂದೆ ಸೈನಿಕರಾಗಿದ್ದವರು. ತಾಯಿ ಭಕ್ತೆಯಾದರೂ ಕಠಿಣ ಸ್ವಭಾವದವರಾಗಿದ್ದುದರಿಂದ ಜೆಲಿಯವರಿಗೆ ಬಾಲ್ಯದಲ್ಲಿ ಅಕ್ಕರೆ ಹೆಚ್ಚಾಗಿ ದೊರೆಯಲಿಲ್ಲ. ಕುಟುಂಬವು 1844ರಲ್ಲಿ ಅಲೆನ್ಸೋನ್ ಪಟ್ಟಣಕ್ಕೆ ಬಂದು ನೆಲೆಸಿತು. ಯೌವನಕ್ಕೆ ಬಂದ ಜೆಲಿಯವರು ರೋಗಿಗಳ ಸೇವೆ ಮಾಡುವ ಸನ್ಯಾಸಿನಿಯಾಗಬೇಕೆಂದು ಬಯಸಿ ಕನ್ಯಾಮಠದ ಬಾಗಿಲು ತಟ್ಟಿದರು. ಆದರೆ ಅಲ್ಲಿನ ಮಠಾಧಿಕಾರಿಣಿಯವರು ಅವರನ್ನು ಸೇರಿಸಿಕೊಳ್ಳಲಿಲ್ಲ. ನಿರಾಶರಾದರೂ ಅವರು ಎದೆಗುಂದದೆ, ತಮಗೆ ದೇವರು ಮಕ್ಕಳನ್ನು ಕೊಡುವುದಾದರೆ ಅವರೆಲ್ಲರನ್ನೂ ಆತನಿಗೇ ಅರ್ಪಿಸಬೇಕೆಂದು ಮನಸ್ಸಿನಲ್ಲಿ ನಿಶ್ಚಯಿಸಿದರು.

ಹೊಟ್ಟೆಪಾಡಿಗಾಗಿ ಅವರು ಆರಿಸಿಕೊಂಡದ್ದು ಆ ಊರಿನ ಪ್ರಸಿದ್ಧ ಲೇಸ್ ಹೆಣೆಯುವ ಕಸುಬನ್ನು. ನಮ್ಮ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ತಾಯಂದಿರು ಕಸೂತಿ ಹಾಕುವುದನ್ನು ಕಂಡವರಿಗೆ ಸೂಜಿಯ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ಹೇಳಬೇಕಾಗಿಲ್ಲ. ಅಲೆನ್ಸೋನಿನ ಲೇಸನ್ನು ಅಂದು ಒಬ್ಬರೇ ಪೂರ್ತಿಯಾಗಿ ಹೆಣೆಯುತ್ತಿರಲಿಲ್ಲ. ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿ, ಒಬ್ಬೊಬ್ಬ ಹೆಂಗಸು ಒಂದೊಂದು ಬಗೆಯ ಹೊಲಿಗೆಯನ್ನು ತನ್ನ ಮನೆಯಲ್ಲಿ ಕುಳಿತು ಮಾಡುತ್ತಿದ್ದಳು. ಆ ಹೆಂಗಸರಿಗೆ ಕೆಲಸ ಹಂಚುವುದು, ಗಿರಾಕಿಗಳನ್ನು ನೋಡಿಕೊಳ್ಳುವುದು, ಕೊನೆಗೆ ತುಂಡುಗಳನ್ನು ಜೋಡಣೆಯ ಗುರುತೇ ಕಾಣದಂತೆ ಸೇರಿಸುವುದು ಜೆಲಿಯವರ ಪಾಲಿನ ಕೆಲಸ. ಗುರುವಾರಗಳಂದು ಕೆಲಸದವರು ಹೆಣೆದುದನ್ನು ತಂದೊಪ್ಪಿಸಿ ಕೂಲಿ ಪಡೆಯುತ್ತಿದ್ದರು. ಅವರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಜೆಲಿಯವರು ತಾವೇ ಮನೆಗೆ ಹೋಗಿ ವಿಚಾರಿಸಿಕೊಳ್ಳುತ್ತಿದ್ದರು.

1858ನೆಯ ಜುಲೈ 13ರ ನಡುರಾತ್ರಿ, ಅಂದಿನ ಪದ್ಧತಿಯಂತೆ ಆಡಂಬರವಿಲ್ಲದೆ, ಗಡಿಯಾರದ ಅಂಗಡಿ ಇಟ್ಟುಕೊಂಡಿದ್ದ ಲೂಯಿ ಮಾರ್ಟಿನ್‌ರವರೊಡನೆ ಅವರ ವಿವಾಹವು ಅಲೆನ್ಸೋನಿನ ಮರಿಯಮ್ಮನವರ ದೇವಾಲಯದಲ್ಲಿ ನೆರವೇರಿತು. ಲೂಯಿಯವರೂ ತಾರುಣ್ಯದಲ್ಲಿ ಸನ್ಯಾಸಿಯಾಗಲು ಪ್ರಯತ್ನಿಸಿ ಹಿಂದಿರುಗಿದವರೇ. ಪತಿ ಪತ್ನಿಯರಿಬ್ಬರೂ ದಿನವೂ ಬೆಳಗಿನ ಜಾವ ಐದೂವರೆ ಗಂಟೆಗೆ ಕೂಲಿಕಾರರೂ ಬಡವರೂ ಬರುವ ಬಲಿಪೂಜೆಗೆ ಹೋಗುತ್ತಿದ್ದರು. ಭಾನುವಾರ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ. ಹೆಂಡತಿಯ ಕಸುಬು ಬೆಳೆದಾಗ, 1870ರಲ್ಲಿ ಲೂಯಿಯವರು ತಮ್ಮ ಅಂಗಡಿಯನ್ನು ಬಿಟ್ಟುಕೊಟ್ಟು ಅವರ ಕೆಲಸಕ್ಕೆ ಹೆಗಲು ಕೊಟ್ಟರು. ಪತ್ನಿಯ ದುಡಿಮೆಗೆ ನೆರವಾಗುವುದನ್ನು ಕುಂದೆಂದು ಬಗೆಯದ ಈ ಗಂಡಸು ನಮ್ಮ ಸಂಸಾರಸ್ಥರಿಗೂ ಮಾದರಿಯಾಗಿದ್ದಾರೆ.

ಈ ದಂಪತಿಗಳಿಗೆ ಒಂಬತ್ತು ಮಕ್ಕಳು. ಅವರಲ್ಲಿ ನಾಲ್ವರನ್ನು ಸಾವು ಕಿತ್ತುಕೊಂಡಿತು. ಇಬ್ಬರು ಗಂಡುಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಂಡವು. 1870ರಲ್ಲಿ ಐದು ವರ್ಷದ ಹೆಲೆನ್ ಮತ್ತು ಎರಡು ತಿಂಗಳ ಕೂಸೊಂದು ಕಣ್ಮುಚ್ಚಿದವು. ಬದುಕುವುದಿಲ್ಲವೆಂದು ತಿಳಿದಿದ್ದ ಮಕ್ಕಳನ್ನು ಹೆತ್ತು ಫಲವೇನೆಂದು ಕೆಲವರು ಆಡಿಕೊಂಡಾಗ, ತಮ್ಮ ಮಕ್ಕಳು ದೇವರ ಬಳಿ ಬದುಕಿದ್ದಾರೆಂಬ ನಂಬಿಕೆಯಿಂದಲೇ ಜೆಲಿಯವರು ಸಮಾಧಾನ ಪಡೆದರು. ಕಡೆಯ ಮಗು ತೆರೇಸಾ ಹುಟ್ಟಿದ್ದು 1873ರ ಜನವರಿ 2ರಂದು. ತಾಯಿಗೆ ಹಾಲೂಡಿಸಲಾಗದೆ ಕೂಸು ಸಾಯುವ ಸ್ಥಿತಿಗೆ ಬಂದಾಗ, ಹತ್ತಿರದ ಹಳ್ಳಿಯ ರೈತ ಹೆಂಗಸೊಬ್ಬಳ ಬಳಿ ಅದನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಬಿಡಬೇಕಾಯಿತು. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಗುಳೆ ಹೋಗುವ ನಮ್ಮ ತಾಯಂದಿರಿಗೆ ಆ ಅಗಲಿಕೆಯ ಸಂಕಟ ಚೆನ್ನಾಗಿ ತಿಳಿದಿದೆ.

ಇಷ್ಟರಲ್ಲಿಯೇ ರೋಗವು ಅವರ ದೇಹದಲ್ಲಿ ಸೇರಿತ್ತು. ಸ್ತನದಲ್ಲಿ ಗಂಟೊಂದು ನೋಯುತ್ತಿರುವುದನ್ನು ಅವರು 1865ರಷ್ಟು ಹಿಂದೆಯೇ ಮುಂದೆ ಔಷಧ ವ್ಯಾಪಾರಿಯಾದ ತಮ್ಮನಿಗೆ ಪತ್ರದಲ್ಲಿ ತಿಳಿಸಿದ್ದರು. ಆದರೆ ಹೆರಿಗೆ, ಮಕ್ಕಳ ಕಾಯಿಲೆ, ಕಸುಬಿನ ಭಾರ ಇವುಗಳ ನಡುವೆ ಹನ್ನೊಂದು ವರ್ಷಗಳು ಕಳೆದುಹೋದವು. 1876ರ ಡಿಸೆಂಬರ್‌ನಲ್ಲಿ ವೈದ್ಯರು ಪರೀಕ್ಷಿಸಿದಾಗ ಅದು ಕ್ಯಾನ್ಸರ್ ಎಂದೂ ಶಸ್ತ್ರಚಿಕಿತ್ಸೆಯ ಕಾಲ ಮೀರಿತೆಂದೂ ಗೊತ್ತಾಯಿತು. ಮನೆಯವರು ಕುಸಿದುಹೋದರು. ಜೆಲಿಯವರು ಮಾತ್ರ ಅಂದೂ ಲೇಸಿನ ಕೆಲಸವನ್ನು ನಿಲ್ಲಿಸಲಿಲ್ಲ.

ಆಗ ಅವರನ್ನು ಹೆಚ್ಚಾಗಿ ಕಾಡಿದ್ದು ತಮ್ಮ ಸಾವಲ್ಲ, ಮೂರನೆಯ ಮಗಳು ಲಿಯೋನಿಯ ಭವಿಷ್ಯ. ಓದು ಹತ್ತದ, ಹಟಮಾರಿಯಾದ, ಶಾಲೆಯಿಂದಲೂ ಹಿಂದಕ್ಕೆ ಕಳುಹಿಸಲ್ಪಟ್ಟ ಹುಡುಗಿ ಅವಳು. ಕನ್ಯಾಮಠದಲ್ಲಿದ್ದ ಜೆಲಿಯವರ ಅಕ್ಕ 1877ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ಮರಣಹೊಂದುವ ಮುನ್ನ, ಸ್ವರ್ಗದಲ್ಲಿ ಈ ಮಗುವಿಗಾಗಿ ಬೇಡಿಕೊಳ್ಳುವಂತೆ ಅವರು ಕೇಳಿಕೊಂಡಿದ್ದರು. ಕೆಲವೇ ವಾರಗಳಲ್ಲಿ, ಮನೆಯ ಕೆಲಸದಾಕೆ ಲಿಯೋನಿಯನ್ನು ಗುಟ್ಟಾಗಿ ಬೆದರಿಸಿ ತನ್ನ ಅಂಕೆಯಲ್ಲಿ ಇಟ್ಟುಕೊಂಡಿದ್ದ ಸಂಗತಿ ಬಯಲಾಯಿತು. ಅಂದಿನಿಂದ ತಾಯಿಯೇ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗದರದೆ, ಪ್ರೀತಿಯಿಂದ ತಿದ್ದತೊಡಗಿದರು. ಹುಡುಗಿ ತಾಯಿಯನ್ನು ಬಿಟ್ಟು ಅಗಲದಂತಾದಳು. ಆಗ ಮೊದಲ ಬಾರಿಗೆ ಜೆಲಿಯವರಿಗೆ ಇನ್ನೂ ಕೆಲವು ಕಾಲ ಬದುಕಬೇಕೆಂಬ ಆಸೆ ಬಲವಾಯಿತು. ತಮಗಾಗಿ ಅಲ್ಲ, ಆ ಮಗಳಿಗಾಗಿ.

ಆ ಆಸೆಯಿಂದಲೇ 1877ರ ಜೂನ್ ತಿಂಗಳಲ್ಲಿ ಮೂವರು ದೊಡ್ಡ ಹೆಣ್ಣುಮಕ್ಕಳೊಡನೆ ಲೂರ್ದಿಗೆ ಯಾತ್ರೆ ಹೋದರು. ದಾರಿಯುದ್ದಕ್ಕೂ ಒಂದಲ್ಲ ಒಂದು ತೊಂದರೆ. ಆ ಪುಣ್ಯಜಲದಲ್ಲಿ ಹಲವು ಬಾರಿ ಮುಳುಗಿ ಎದ್ದರೂ ನೋವು ಕಡಿಮೆಯಾಗದೆ ಮತ್ತಷ್ಟು ಹೆಚ್ಚಿತು. ಗುಣಹೊಂದದೆ ಹಿಂದಿರುಗಿದ ಪತ್ನಿಯ ಮುಖದಲ್ಲಿ ಪ್ರಸನ್ನತೆಯನ್ನು ಕಂಡು ಲೂಯಿಯವರೇ ಬೆರಗಾದರು. ಮಾತೆ ಮರಿಯಮ್ಮನವರು ತಮ್ಮನ್ನು ಕೈಬಿಟ್ಟರೆಂದು ಜೆಲಿಯವರು ಒಮ್ಮೆಯೂ ದೂರಲಿಲ್ಲ. ಪ್ರಾರ್ಥನೆಯು ದೇವರ ಚಿತ್ತವನ್ನು ನಮ್ಮ ಕಡೆಗೆ ಬಗ್ಗಿಸುವ ಉಪಾಯವಲ್ಲ, ನಮ್ಮ ಚಿತ್ತವನ್ನು ಆತನ ಕೈಗೆ ಒಪ್ಪಿಸುವ ಧೈರ್ಯ ಎಂಬುದನ್ನು ಅವರು ಬಾಳಿ ತೋರಿಸಿದರು.

ಆಗಸ್ಟ್ ತಿಂಗಳ ಮೊದಲ ಶುಕ್ರವಾರ, ಹೆಜ್ಜೆ ಇಡಲಾಗದ ಸ್ಥಿತಿಯಲ್ಲಿಯೂ ಮಗಳ ತೋಳು ಹಿಡಿದು ಬಲಿಪೂಜೆಗೆ ಹೋದರು. 26ರಂದು ಲೂಯಿಯವರು ತಾವೇ ಹೋಗಿ ಗುರುಗಳನ್ನು ಕರೆತಂದರು. ಮಕ್ಕಳೆಲ್ಲರೂ ಸುತ್ತಲೂ ಮೊಣಕಾಲೂರಿರಲು ತಾಯಿ ಅವಸ್ಥಾಭ್ಯಂಗವನ್ನು ಸ್ವೀಕರಿಸಿದರು. 1877ರ ಆಗಸ್ಟ್ 28ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿನಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ ಜೆಲಿಯವರು ದೈವಾಧೀನರಾದರು. ಆಗ ಪುಟ್ಟ ತೆರೇಸಾಳಿಗೆ ನಾಲ್ಕೂವರೆ ವರ್ಷ.

ಅವರು ಹೆಣೆದಿಟ್ಟ ತುಂಡುಗಳು ಒಂದಾಗಿ ಕಾಣಿಸಿದ್ದು ತರುವಾಯ. ಐವರು ಹೆಣ್ಣುಮಕ್ಕಳೂ ಸನ್ಯಾಸಿನಿಯರಾದರು. ನಾಲ್ವರು ಲಿಸಿಯುವಿನ ಕಾರ್ಮೆಲ್ ಮಠಕ್ಕೆ ಸೇರಿದರು. ಮಠ ಸೇರಿ ಮತ್ತೆ ಮತ್ತೆ ಹಿಂದಿರುಗಿದ ಲಿಯೋನಿಯೂ 1899ರಲ್ಲಿ ಕ್ಯಾನ್ ನಗರದ ಸಂದರ್ಶನ ಮಠದಲ್ಲಿ ನೆಲೆಯಾಗಿ ನಿಂತರು. 2015ರಲ್ಲಿ ಅವರ ಸಂತ ಪದವಿಗಾಗಿ ವಿಚಾರಣೆಯೂ ಆರಂಭವಾಗಿದೆ. ತೆರೇಸಾರವರು 1925ರಲ್ಲಿ ಸಂತರೆಂದು ಘೋಷಿತರಾಗಿ, 1927ರಲ್ಲಿ ಧರ್ಮಪ್ರಚಾರ ಕ್ಷೇತ್ರಗಳ ಪಾಲಕಿಯಾದರು. ಜೆಲಿ ಮತ್ತು ಲೂಯಿ ದಂಪತಿಗಳನ್ನು 2015ನೆಯ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್‌ರವರು ಜೊತೆಯಾಗಿ ಸಂತರೆಂದು ಸಾರಿದರು. ಅದಕ್ಕೆ ಆಧಾರವಾದ ಅದ್ಭುತಗಳು ಎರಡು. ಇಟಲಿಯಲ್ಲೊಂದು, ಸ್ಪೇನ್‌ನಲ್ಲೊಂದು, ಎರಡೂ ಸಾವಿನ ದವಡೆಯಲ್ಲಿದ್ದ ಹಸುಗೂಸುಗಳು ಬದುಕಿಕೊಂಡದ್ದು. ನಾಲ್ಕು ಮಕ್ಕಳನ್ನು ಮಣ್ಣಿಗೆ ಒಪ್ಪಿಸಿದ, ತಮಗಾಗಿ ಬೇಡಿದ ಗುಣವನ್ನು ಪಡೆಯದ ತಾಯಿಯ ಬಿನ್ನಹವು ಬೇರೆಯವರ ಕೂಸುಗಳಿಗೆ ಒದಗಿ ಬಂದಿತು.

ಪ್ರಿಯ ತಾಯಂದಿರೇ, ಜೆಲಿಯವರ ಜೀವನದಿಂದ ಎರಡು ಮಾತುಗಳನ್ನು ಮನಸ್ಸಿನಲ್ಲಿಡಿರಿ. ದೇಹದಲ್ಲಿ ಗಂಟು ಕಂಡರೆ ಸಂಕೋಚದಿಂದಲೋ ಮನೆಗೆಲಸದ ನೆಪದಿಂದಲೋ ಮುಚ್ಚಿಡಬೇಡಿರಿ. ಅಂದು ಇಲ್ಲದ ಚಿಕಿತ್ಸೆ ಇಂದು ಉಂಟು. ಬೇಗ ತೋರಿಸಿಕೊಂಡವರಲ್ಲಿ ಬಹುಮಂದಿ ಗುಣಹೊಂದುತ್ತಾರೆ. ಜೀವವನ್ನು ಕಾಪಾಡಿಕೊಳ್ಳುವುದು ದೇವರ ಚಿತ್ತಕ್ಕೆ ವಿರೋಧವಲ್ಲ. ಎರಡನೆಯದು, ಗುಣವಾಗದ ರೋಗವು ವಿಶ್ವಾಸದ ಕೊರತೆಯ ಗುರುತಲ್ಲ. ತಾಯಿಯನ್ನು ಕಳೆದುಕೊಂಡ ಮಕ್ಕಳಿಗೆ ಯಾರಾದರೂ ಹಾಗೆಂದು ಹೇಳಿದರೆ, ಲೂರ್ದಿನಿಂದ ನಗುಮುಖದಿಂದ ಹಿಂದಿರುಗಿದ ಈ ತಾಯಿಯನ್ನು ನೆನಪಿಸಿರಿ.

ನಮ್ಮ ದೇವಾಲಯದ ಶತಮಾನೋತ್ಸವದ ಈ ಪುಣ್ಯಕಾಲದಲ್ಲಿ, ಈ ನೂರು ವರ್ಷಗಳಲ್ಲಿ ನಮ್ಮನ್ನು ಹೆತ್ತು, ಜಪ ಕಲಿಸಿ, ನೋವುಂಡು ಅಗಲಿದ ಎಲ್ಲ ತಾಯಂದಿರಿಗೂ ದೇವರು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಇಂದು ಹಾಸಿಗೆ ಹಿಡಿದಿರುವ ತಾಯಂದಿರಿಗಾಗಿ ಸಂತ ಜೆಲಿಯವರು ಬಿನ್ನಹ ಮಾಡಲಿ.